ಎರಡನೇ ಸೂಜಿಗೆ ಉಡಿ ತುಂಬಿದ್ದು

ಜನವರಿ 5, ಸೋಮವಾರ

ಸಿಟ್ಟು ಬಂದಾಗ ಬೈಯಬೇಡಿ, ಬರೆಯಿರಿ, ರಕ್ತದೊತ್ತಡ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಹಾಗಾದರೆ ಮೊದಲು ಆ ಡಾಕ್ಟರ ಬಗ್ಗೆಯೇ ಬರೆಯುತ್ತೇನೆ. ಗುಳಿಗೆ ಕೊಡಿ ಎಂದರೆ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಾ ಎಂದು ಚೀಟಿ ಬರೆದುಕೊಟ್ಟ ಪುಣ್ಯಾತ್ಮ. ಚೀಟಿ ದೀಪಾವಳಿಯಿಂದ ನನ್ನ ಅಂಗಿಯ ಕಿಸೆಯಲ್ಲೇ ಇದೆ. ಒಗೆತಕ್ಕೂ ಹೋಗಿ ಬಂದಿದೆ. ನಾನು ಸೂಜಿಗೆ ಹೆದರುವವನಲ್ಲ. ಪುರುಸೊತ್ತಿಲ್ಲ, ಅಷ್ಟೇ.

ಪುರುಸೊತ್ತು ಎಲ್ಲಿಂದ ಬರಬೇಕು? ಕಲಬುರಗಿ–ಹುಮನಾಬಾದ್ ಬಸ್ಸಿನ ಕಂಡಕ್ಟರ್ ನಾನು. ಹೆಣ್ಣುಮಕ್ಕಳಿಗೆ ಪ್ರಯಾಣ ಪುಕ್ಕಟೆಯಾದ ಮೇಲಂತೂ ಬಸ್ಸಿನಲ್ಲಿ ಒಂದು ಕಾಲು ಊರಿದರೆ ಇನ್ನೊಂದಕ್ಕೆ ಜಾಗವಿಲ್ಲ. ಆದರೆ ನನ್ನ ದನಿಗೆ ಯಾವ ಗದ್ದಲವೂ ಅಡ್ಡ ಬರುವುದಿಲ್ಲ. ಸ್ಟ್ಯಾಂಡಿನಲ್ಲಿ ನಿಂತು ‘ಕಮಲಾಪುರ, ಹುಮನಾಬಾದ್’ ಎಂದು ನಾನು ಕೂಗಿದರೆ ಜಗತ್ ಸರ್ಕಲ್ಲಿನ ಆಟೋದವರು ಬೆಚ್ಚಿಬೀಳುತ್ತಾರೆ ಎಂದು ನಮ್ಮ ಡ್ರೈವರ್ ನಬಿಸಾಬ್ ಎಲ್ಲರ ಮುಂದೆ ಹೇಳುತ್ತಾನೆ. ಹೊಗಳಿಕೆಯೋ ಅಣಕವೋ, ಅವನನ್ನೇ ಕೇಳಬೇಕು.

ಸಂಜೆ ಕಲಬುರಗಿಯ ಕುಸನೂರಿನ ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ಹೆಂಡತಿ ಸುಜಾತಾ ಶುರು ಮಾಡಿದಳು. “ರೀ, ರಾಜೀದು ಎರಡನೇ ಸೂಜಿ ಇಪ್ಪತ್ನಾಲ್ಕಕ್ಕ ಅದ. ಶನಿವಾರ. ಊಟದ ಗಂಟಿ ತನಕ ಅಷ್ಟೇ. ಈ ಸಲ ತಪ್ಪಿದ್ರ ಸಂಘದವ್ರು ಮತ್ತ ಬರಂಗಿಲ್ಲ.”

ನನ್ನ ಮಗಳು ರಾಜೇಶ್ರೀ ಒಂಬತ್ತನೇ ಕ್ಲಾಸು. ಹೋದ ಜುಲೈನಲ್ಲಿ ಅವಳ ಶಾಲೆಗೆ ಮಹಿಳಾ ಸಂಘದವರು ಬಂದು ಮೊದಲ ಸೂಜಿ ಹಾಕಿಸಿದ್ದರು. ಒಂದು ದಿನ ತೋಳು ನೋವು, ಚೂರು ಜ್ವರ, ಆಮೇಲೆ ಎಲ್ಲ ಸರಿ. ಎರಡೂ ಆದರೇ ಕೆಲಸ ಪೂರ್ತಿ ಆದಂತೆ ಎಂದಿದ್ದಾರೆ. ಯಾವ ಸೂಜಿ ಎಂದು ಕೇಳಿದವರಿಗೆಲ್ಲ ನಾನು ‘ಹೆಣ್ಮಕ್ಕಳ ಸೂಜಿ’ ಎಂದಿದ್ದೇನೆ. ಅದಕ್ಕೊಂದು ಉದ್ದನೆಯ ಹೆಸರಿದೆ. ಅದರಲ್ಲಿ ಮೈಯ ಒಂದು ಜಾಗದ ಹೆಸರೂ ಬರುತ್ತದೆ. ಗಂಡಸಾದವನು ಅದನ್ನು ಬಾಯಿಬಿಟ್ಟು ಹೇಳುವುದುಂಟೇ? ಇಲ್ಲಿ ಬರೆಯುವುದಕ್ಕೂ ಪೆನ್ನು ಹಿಂದೆ ಸರಿಯುತ್ತದೆ.

ಜನವರಿ 13, ಮಂಗಳವಾರ

ಸಂಕ್ರಾಂತಿಗೆಂದು ರಾಜಿಯನ್ನು ನನ್ನ ಬಸ್ಸಿನಲ್ಲೇ ಕರೆದುಕೊಂಡು ಹೋಗಿ ಕಮಲಾಪುರದಲ್ಲಿ ಅವ್ವನ ಹತ್ತಿರ ಬಿಟ್ಟೆ. ಅವ್ವ ದಿನಾ ನನ್ನ ಬುತ್ತಿ ತರುತ್ತಾಳೆ. ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವುದು ಒಂದು ಚಹಾ ಕುಡಿಯುವಷ್ಟು ಹೊತ್ತು. ಅಷ್ಟರಲ್ಲಿ ಕಿಟಕಿಯಿಂದ ಬುತ್ತಿ ಒಳಗೆ, ಖಾಲಿ ಡಬ್ಬಿ ಹೊರಗೆ, ಮನೆಯ ಸುದ್ದಿ ಎರಡೂ ಕಡೆ. ಇಡೀ ಬಸ್ಸು ಕಿವಿ ನಿಮಿರಿಸಿಕೊಂಡು ಕೇಳುತ್ತದೆ. ನಮ್ಮ ಮನೆಯಲ್ಲಿ ಯಾವಾಗ ಹಸು ಈದಿದೆ, ಯಾವಾಗ ನನಗೆ ಹೊಟ್ಟೆ ಕೆಟ್ಟಿದೆ ಎಂಬುದು ಹುಮನಾಬಾದಿನ ತನಕ ಗೊತ್ತು.

“ಹುಡುಗಿ ಯಾಕೋ ಇಷ್ಟು ಬಡಕಲಾಗ್ಯಾಳ?” ಎಂದಳು ಅವ್ವ.

“ಬಡಕಲು ಏನೂ ಇಲ್ಲವ್ವ. ಹಬ್ಬ ಆದಮ್ಯಾಗ ಜಲ್ದಿ ಕಳಸು. ಒಂದ್ ಸೂಜಿ ಅದ.”

“ಯಾವ ಸೂಜಿ?”

“ಹೆಣ್ಮಕ್ಕಳ ಸೂಜಿ.”

ಅವ್ವ ಕಣ್ಣು ಸಣ್ಣಗೆ ಮಾಡಿದಳು. ನಬಿಸಾಬ್ ಹಾರ್ನ್ ಹೊಡೆದ.

ಜನವರಿ 17, ಶನಿವಾರ

ಕೆಟ್ಟಿತು.

“ಇವತ್ತ ರಾಜೀನ ಕಳಸವ್ವ” ಎಂದು ಕಿಟಕಿಯಿಂದ ಹೇಳಿದೆ.

“ಕಳಸಂಗಿಲ್ಲ.”

“ಯಾಕ?”

“ಯಾಕಂತ ನನಗ ಕೇಳ್ತಿ? ಹೆಣ್ಮಕ್ಕಳ ಸೂಜಿ ಅಂದ್ರ ಏನಂತ ಗೊತ್ತಿಲ್ಲೇನು ನನಗ? ಮಕ್ಕಳಾಗದಂಗ ಹಾಕ್ತಾರಲ್ಲ, ಅದು! ಹದಿನಾಲ್ಕು ವರ್ಷದ ಕೂಸಿಗಿ ಆ ಸೂಜಿ ಹಾಕಸಾಕತ್ತಿ? ನಿನ್ನ ಬುದ್ಧಿ ಎಲ್ಲಿ ಮೇಯಾಕ ಹೋಗ್ಯದ?”

ಮೂರನೇ ಸೀಟಿನ ಮುದುಕಿ “ಅಯ್ಯಯ್ಯ, ಹಡೆದಪ್ಪನೇ ಹಿಂಗ ಮಾಡಿದ್ರ ಹೆಂಗ್ರೀ” ಎಂದು ಸೆರಗು ಬಾಯಿಗೆ ಹಿಡಿದಳು. ಹಿಂದಿನಿಂದ ಯಾರೋ “ಕಲ್ತವ್ರೇ ಹಿಂಗ ನೋಡ್ರಿ” ಎಂದರು. ನಾನು “ಅದಲ್ಲವ್ವ, ಇದು ಬ್ಯಾರೆ, ಇದು ಏನಂದ್ರ” ಎಂದೆ. ಮುಂದಿನ ಮಾತು ಗಂಟಲ ತನಕ ಬಂದು ಬಿಸಿ ಮಿರ್ಚಿ ಭಜಿಯಂತೆ ಅಲ್ಲೇ ಕೂತಿತು. ಉಗುಳಲಾರೆ, ನುಂಗಲಾರೆ. ನಬಿಸಾಬ್ ಗೇರು ಹಾಕಿದ.

ಬುತ್ತಿಯನ್ನೂ ಕೊಡಲಿಲ್ಲ ಪುಣ್ಯಾತ್ಗಿತ್ತಿ. ಸರ್ವಿಸಿಗೆ ಸೇರಿದಂದಿನಿಂದ ಇದೇ ಮೊದಲು.

ಜನವರಿ 18, ಭಾನುವಾರ

ಸುಜಾತಾ: “ಇಡೀ ಸ್ಟ್ಯಾಂಡಿಗಿ ಕೇಳಿಸೂವಂಗ ಒದರ್ತೀರಿ. ನಿಮ್ಮವ್ವನ ಮುಂದ ಒಂದ್ ಮಾತು ಹೇಳಾಕ ಬಾಯಿ ಬರಲಿಲ್ಲ?”

ನಾನು: “ನೀನೇ ಹೋಗಿ ಹೇಳು.”

ಸುಜಾತಾ: “ನಾ ಹೇಳಿದ್ರ ‘ಸೊಸಿ ಕಿವಿ ಊದ್ಯಾಳ’ ಅಂತಾರ. ಅವ್ವ ನಿಮ್ಮಕಿ, ಮಗಳು ನಿಮ್ಮಕಿ, ಬಾಯಿ ನಿಮ್ದು.”

ಮಾತಿಗೆ ಮಾತು ಕೊಡುವುದರಲ್ಲಿ ಈಕೆಯನ್ನು ಮೀರಿಸಿದವರಿಲ್ಲ. ಸಿಟ್ಟಿನಿಂದ ಇಷ್ಟು ಬರೆದೆ. ರಕ್ತದೊತ್ತಡ ಇಳಿದಂತೇನೂ ಅನಿಸಲಿಲ್ಲ.

ಜನವರಿ 20, ಮಂಗಳವಾರ

ಕ್ಯಾಂಟೀನಿನ ಅನ್ನ ತಿಂದು ಹೊಟ್ಟೆಯಲ್ಲಿ ಉರಿ. ನಬಿಸಾಬನಿಗೆ ಎಲ್ಲ ಹೇಳಿಕೊಂಡೆ. ಅವನ ಮಗಳು ಅಂಬರೀನ್ ನಮ್ಮ ರಾಜಿಯ ಕ್ಲಾಸಿನವಳೇ. ಅವಳಿಗೂ ಶನಿವಾರವೇ ಎರಡನೆಯದು.

“ನಮ್ಮ ಮನ್ಯಾಗೂ ಮೊದ್ಲು ನಾ ನಕ್ಕೋ, ಬ್ಯಾಡ ಅಂದಿದ್ದೆ ದೇವೀಂದ್ರಣ್ಣ. ನನ್ನ ಹೇಣ್ತಿ ಫರೀದಾ ಕೂಡ್ರಿಸಿ ಎಲ್ಲಾ ಬಿಡಿಸಿ ಹೇಳಿದ್ಳು.”

“ಹೆಸರು ಹಿಡದು ಹೇಳಿದ್ಳಾ? ನೀ ಕೇಳಿದ್ಯಾ?”

“ನಾನಾ? ತೋಬಾ! ನಾ ಟೀವಿ ಆವಾಜ್ ಜಾಸ್ತಿ ಮಾಡಿದೆ. ಅಕಿ ಟೀವಿ ಬಂದ್ ಮಾಡಿ ಮತ್ತ ಮೊದಲಿಂದ ಹೇಳಿದ್ಳು.”

ಅವನೇ ಒಂದು ಉಪಾಯ ಕೊಟ್ಟ. “ಸ್ಟಾಪಿನ ಹೆಸರು ಅಂದ್ಕೊ. ಕಮಲಾಪುರ ಅಂತ ಒದರ್ತಿಯಲ್ಲ, ಹಂಗೇ ಒದರಿಬಿಡು.” ಡಿಪೋದಲ್ಲಿ ಬಸ್ಸು ಖಾಲಿ ಇತ್ತು. ಬಾಗಿಲಲ್ಲಿ ನಿಂತು, ಒಂದು ಕೈ ಮೇಲಿನ ಸರಳಿಗೆ ಹಿಡಿದು, ಎದೆ ತುಂಬ ಉಸಿರು ತೆಗೆದುಕೊಂಡೆ. “ಗರ್ಭ... ಗರ್ಭ...” ಅಷ್ಟರಲ್ಲಿ ಕಸ ಗುಡಿಸುವಾಕೆ ಹತ್ತಿ ಬಂದಳು. “ಗರ್ಭಗುಡಿ!” ಎಂದೆ. ಆಕೆ ಭಕ್ತಿಯಿಂದ ಕೈ ಮುಗಿದಳು. ನಬಿಸಾಬ್ ಸ್ಟೀರಿಂಗ್ ಮೇಲೆ ತಲೆ ಇಟ್ಟು ನಗುತ್ತಿದ್ದ, ಹಾರ್ನ್ ತಾನೇ ಹೊಡೆದುಕೊಳ್ಳುತ್ತಿತ್ತು. ಮಾನ ಮೂರು ಕಾಸಿಗೆ ಹೋಯಿತು.

ಜನವರಿ 21, ಬುಧವಾರ

ಅವ್ವ ಸ್ಟ್ಯಾಂಡಿಗೆ ಬರಲೇ ಇಲ್ಲ. ರಾಜಿ ಒಬ್ಬಳೇ ಬಂದಿದ್ದಳು. ಕಿಟಕಿಯಿಂದ ಒಂದು ಕೆಂಪು ಬಾಳೆಹಣ್ಣು ಕೈಗಿಟ್ಟಳು, ಆಯಿಗೆ, ಅಂದರೆ ನಮ್ಮವ್ವನಿಗೆ, ಗೊತ್ತಾಗದಂತೆ ತಂದದ್ದಂತೆ. ನನ್ನ ಮಗಳು ಕದ್ದು ನನಗೆ ಊಟ ತರುವ ಕಾಲ ಬಂತು.

“ಅಪ್ಪಾ, ನೀ ಚಿಂತಿ ಮಾಡಬ್ಯಾಡ. ಆಯಿಗಿ ನಾನೇ ಹೇಳ್ತೀನಿ.”

“ಏನಂತ ಹೇಳ್ತಿ?”

“ಇದ್ದದ್ದು ಇದ್ದಂಗ. ನಮ್ಮ ವಿಜ್ಞಾನ ಟೀಚರ್ ಹೇಳ್ಯಾರಲ್ಲ.”

“ಸಣ್ಣ ಬಾಯಾಗ ದೊಡ್ಡ ಮಾತು ಬ್ಯಾಡ.”

“ದೊಡ್ಡ ಬಾಯಾಗ ಬರವಲ್ದಲ್ಲಪ್ಪ ಮತ್ತ?” ಎಂದಳು. ತಾಯಿಯ ನಾಲಿಗೆಯೇ ಇವಳಿಗೂ ಬಂದಿದೆ. ಬಸ್ಸು ಹೊರಡುವಾಗ ಜೊತೆಯಲ್ಲೇ ಓಡುತ್ತಾ ಕೂಗಿದಳು: “ನಾ ಸೂಜಿ ಹಾಕಿಸ್ಕೊಂಡ್ರ ನೀನೂ ಆ ಚೀಟಿ ತಗೊಂಡು ಹೋಗಿ ರಕ್ತ ಕೊಡಬೇಕು! ಹೂಂ ಅನ್ನು!”

ಹೂಂ ಎಂದೆ. ಓಡುವ ಬಸ್ಸಿನಿಂದ ಹೇಳಿದ ಹೂಂ ಹಿಡಿದುಕೊಂಡು ಯಾರೂ ಕುಣಿಯುವುದಿಲ್ಲ.

ಜನವರಿ 22, ಗುರುವಾರ

ಇವತ್ತು ಅವ್ವ ಬಂದಳು. ಬುತ್ತಿ ಕೊಟ್ಟಳು. ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಕಿಟಕಿಯ ಸರಳು ಹಿಡಿದುಕೊಂಡು, ಬಹಳ ಸಣ್ಣ ದನಿಯಲ್ಲಿ ಹೇಳಿದಳು. “ರಾಜಿ ಎಲ್ಲಾ ಹೇಳಿದ್ಳು. ಚಂದಮ್ಮಗ ಆಗಿದ್ದು ಇದೇ ಜಡ್ಡಲ್ಲೋ.”

ಚಂದಮ್ಮ ನನ್ನ ಚಿಗವ್ವ, ಅವ್ವನ ಬೆನ್ನಿಗೆ ಹುಟ್ಟಿದ ತಂಗಿ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡಳು. ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಬಾಳೆ ತೋಟಕ್ಕೆ ಹೋಗುತ್ತಿದ್ದವಳು ಒಂದು ವರ್ಷ ಹಿಂದಿನ ಕೋಣೆಯಲ್ಲಿ ಮಲಗಿದಳು. ಆ ಕೋಣೆಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಏನಾಗಿದೆ ಎಂದು ಕೇಳಿದರೆ ಗಾಳಿ ಸೋಂಕು ಎನ್ನುತ್ತಿದ್ದರು. ಒಬ್ಬರು ಕಣ್ಣು ಬಿದ್ದಿದೆ ಎಂದರೆ ಇನ್ನೊಬ್ಬರು ದೇವರ ಕಾಟ ಎನ್ನುತ್ತಿದ್ದರು. ನಾನು ಇಷ್ಟು ವರ್ಷ ಗಾಳಿ ಎಂದೇ ನಂಬಿದ್ದೆ.

“ಕಲಬುರಗಿ ದವಾಖಾನಿ ಡಾಕ್ಟರ್ ನನ್ನ ಮುಂದ ಹೇಳಿದ್ರು. ಗರ್ಭಚೀಲದ ಬಾಯಿಗಿ ಹುಣ್ಣಾಗ್ಯದ, ಭಾಳ ತಡಾ ಮಾಡೀರಿ ಅಂದ್ರು. ನಾ ಮನಿಗಿ ಬಂದು ಯಾರ ಮುಂದನೂ ಹೇಳಲಿಲ್ಲ. ಹೇಳೋ ಮಾತಲ್ಲ ಅಂದ್ಕೊಂಡೆ. ಅಕಿನೂ ಮೊದಲ ನನಗ ಹೇಳಿದ್ದಿಲ್ಲ, ಹೇಳೋ ಮಾತಲ್ಲಂತ.” ಆಮೇಲೆ ನನ್ನ ಮುಖ ನೋಡಿ, “ನೀನೂ ನನಗ ಹೇಳಲಿಲ್ಲ” ಎಂದಳು.

ನನಗೆ ಅಳು ಬಂತು. ಟಿಕೆಟ್ ಯಂತ್ರ ನೋಡುವವನಂತೆ ತಲೆ ತಗ್ಗಿಸಿದೆ. ನಬಿಸಾಬ್ ಹಾರ್ನ್ ಹೊಡೆಯಲಿಲ್ಲ, ಸುಮ್ಮನೆ ಕಾದ. ಕೊನೆಗೆ ಅವ್ವನೇ ಬಸ್ಸಿನ ಮೈಗೆ ಒಂದು ಏಟು ಹಾಕಿದಳು. “ನಡ್ರಿ, ಮಂದಿಗಿ ಹೊತ್ತಾಗ್ತದ. ಶನಿವಾರ ನಾನೇ ಕರಕೊಂಡು ಬರ್ತೀನಿ. ಆದ್ರ ಖಾಲಿ ಉಡಿಲೆ ಕಳಸಂಗಿಲ್ಲ ನಾ ಹುಡುಗೀನ. ಚಂದಮ್ಮ ಖಾಲಿ ಉಡಿಲೆ ಹೋದ್ಳು, ಅಷ್ಟು ಸಾಕು.”

ಸೂಜಿಗೆ ಉಡಿ ತುಂಬುವುದನ್ನು ಯಾರಾದರೂ ಕೇಳಿದ್ದೀರಾ? ಇರಲಿ. ಬರುತ್ತಾಳಲ್ಲ, ಅಷ್ಟೇ ಬೇಕು.

ಜನವರಿ 24, ಶನಿವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ನಮ್ಮದು ಹುಮನಾಬಾದಿನಿಂದ ಬೆಳಗಿನ ಬಸ್ಸು. ಕಮಲಾಪುರದಲ್ಲಿ ಅವ್ವ, ರಾಜಿ ಹತ್ತಿದರು. ಮಗಳನ್ನು ನೋಡಿ ಟಿಕೆಟ್ ಕೊಡುವುದನ್ನೇ ಮರೆತೆ. ಹಸಿರು ಇಳಕಲ್ ಸೀರೆ, ಕೈ ತುಂಬ ಹಸಿರು ಬಳೆ, ಹಣೆಯ ಮೇಲೆ ಅಗಲ ಕುಂಕುಮ. ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನದ ಕೊಂಬು, ಖಣ, ಮೇಲೆ ಐದು ಕೆಂಪು ಬಾಳೆಹಣ್ಣು. ಸೀರೆ ಚಂದಮ್ಮನದು, ಟ್ರಂಕಿನ ತಳದಲ್ಲಿ ಇಟ್ಟಿದ್ದಳಂತೆ. ಓಣಿಯ ಐದು ಮಂದಿ ಮುತ್ತೈದೆಯರನ್ನು ಕರೆಸಿ, ತಾನು ದೂರ ನಿಂತು ಹೇಳಿ ಹೇಳಿ ತುಂಬಿಸಿದ್ದಾಳೆ. ಹುಡುಗಿ ಉಡಿ ಹಿಡಿದು ನಡೆಯಲಾರದೆ ನಗುತ್ತಿದ್ದಳು.

ಬಸ್ಸಿನವರು ಕೇಳದೆ ಬಿಡುತ್ತಾರೆಯೇ? “ಎಲ್ಲಿಗಿ ಹೊಂಟೀರಿ ಯವ್ವಾ?” ಎಂದರು. ದವಾಖಾನೆಗೆ ಹೋಗುವಾಗ ಎಲ್ಲಿಗೆಂದು ಹೇಳಬಾರದು, ಕೆಲಸ ಕೆಡುತ್ತದೆ ಎಂಬುದು ನಮ್ಮವ್ವನ ಶಾಸ್ತ್ರ. “ಹುಡುಗೀದೊಂದು ಛಲೋ ಕೆಲಸ ಅದ, ಕಲಬುರಗ್ಯಾಗ” ಎಂದಳು. ಮುಗಿಯಿತು. ಹಸಿರು ಸೀರೆ, ತುಂಬಿದ ಉಡಿ, ಛಲೋ ಕೆಲಸ. ಇಷ್ಟು ಸಾಕಲ್ಲ, ಉಳಿದದ್ದನ್ನು ಮಂದಿ ತಾವೇ ಕೂಡಿಸಿಕೊಂಡರು.

ಕಲಬುರಗಿಯ ಅಂಚಿನ ಸ್ಟಾಪು ಹುಮನಾಬಾದ್ ಬೇಸ್ ಇನ್ನೂ ಸ್ವಲ್ಪ ದೂರ ಇರುವಾಗ ಒಂದು ಜೀಪು ಅಡ್ಡ ಬಂತು. ಇಬ್ಬರು ಪೊಲೀಸರು, ಮಕ್ಕಳ ರಕ್ಷಣೆಯ ಒಬ್ಬರು ಮೇಡಂ. ಬಸ್ಸಿನಿಂದ ಯಾರೋ ಸಹಾಯವಾಣಿಗೆ ಫೋನು ಹಚ್ಚಿ, ಸಣ್ಣ ಹುಡುಗಿಯ ಮದುವೆ ಮಾಡಲಿಕ್ಕೆ ಒಯ್ಯುತ್ತಿದ್ದಾರೆ ಎಂದಿದ್ದರು.

“ಈ ಹುಡುಗಿ ಅಪ್ಪ ಯಾರು?”

ಇಡೀ ಬಸ್ಸು ನನ್ನ ಕಡೆ ಬೆರಳು ತೋರಿಸಿತು. ಟಿಕೆಟ್ ಕೇಳಿದಾಗ ಇಷ್ಟು ಒಗ್ಗಟ್ಟಾಗಿ ಇವರು ಎಂದೂ ಕೈ ಎತ್ತಿಲ್ಲ.

“ಏನ್ರೀ, ಸರ್ಕಾರಿ ಯೂನಿಫಾರ್ಮ್ ಹಾಕ್ಕೊಂಡು, ಸರ್ಕಾರಿ ಬಸ್ಸಿನ್ಯಾಗ ಬಾಲ್ಯವಿವಾಹ?”

“ಮದುವಿ ಅಲ್ರೀ ಮೇಡಂ. ಸೂಜಿಗಿ ಹೊಂಟಾಳ್ರೀ.”

“ಸೂಜಿಗಿ ಯಾರಾದ್ರೂ ಉಡಿ ತುಂಬ್ತಾರೇನ್ರೀ? ಯಾವ ಸೂಜಿ?”

“ಅದು... ಹೆಣ್ಮಕ್ಕಳ...”

ಮೇಡಮ್ಮೂ ಅವ್ವನ ಹಾಗೆಯೇ ಕಣ್ಣು ಸಣ್ಣಗೆ ಮಾಡಿದರು. ರಾಜಿ “ಮೇಡಂ, ನಾ ಹೇಳ್ತೀನ್ರಿ” ಎಂದಳು. “ನೀ ಸುಮ್ನಿರು ಪುಟ್ಟಿ. ನಿನಗ ಕಲಿಸಿ ಕರಕೊಂಡು ಬಂದಿರ್ತಾರ. ಅಪ್ಪ ಹೇಳ್ಲಿ” ಎಂದರು. ಅವ್ವ ಬಾಯಿ ತೆರೆದಳು. “ನೀವೂ ಸುಮ್ನಿರ್ರಿ ಅಜ್ಜಿ.” ಅತ್ತ ಒಬ್ಬ ಪೊಲೀಸು ವರ ಯಾರು ಎಂದು ಹುಡುಕುತ್ತಾ ಹೋಗಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ ವಿಮಾ ಏಜೆಂಟನೊಬ್ಬನ ಕೊರಳಪಟ್ಟಿ ಹಿಡಿದ. “ಅಯ್ಯೋ ನಾನೇ ಫೋನ್ ಮಾಡಿದವ್ನ್ರೀ!” ಎಂದು ಅವನು ಹೊಯ್ಕೊಂಡ.

ಬಿಸಿಲು ಏರುತ್ತಿತ್ತು. ಶಾಲೆಯಲ್ಲಿ ಊಟದ ಗಂಟೆ ಹೊಡೆದರೆ ಎಲ್ಲ ಮುಗಿಯಿತು. ರಾಜಿ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಹಸಿರು ಸೀರೆಯಲ್ಲಿ ಥೇಟ್ ಚಿಗವ್ವನೇ. ಆಮೇಲೆ ಏನಾಯಿತೋ, ಬಾಗಿಲಲ್ಲಿ ನಿಂತು, ಒಂದು ಕೈ ಮೇಲಿನ ಸರಳಿಗೆ ಹಿಡಿದು ಕೂಗಿಬಿಟ್ಟೆ.

“ಗರ್ಭಕಂಠದ ಕ್ಯಾನ್ಸರ್ ಬರಬಾರದಂತ ಹಾಕೋ ಸೂಜಿ ರೀ! ಗರ್ಭಚೀಲದ ಬಾಯಿಗಿ ಬರ್ತದಲ್ಲ, ಆ ಕ್ಯಾನ್ಸರ್! ಎರಡನೇದ್ರೀ! ಇವತ್ತೇ ಕಡೀ ದಿನ! ನಮ್ಮ ಚಿಗವ್ವ ಅದರಾಗೇ ಸತ್ತಾಳ್ರೀ!”

ರಸ್ತೆಯ ಆಚೆ ಹೊರೆ ಹೊತ್ತು ಹೋಗುತ್ತಿದ್ದ ಹೆಣ್ಣುಮಗಳು ನಿಂತಳು. ಹಿಂದಿನ ಲಾರಿಯವನು ಹಾರ್ನ್ ನಿಲ್ಲಿಸಿದ. ನಬಿಸಾಬ್ ಸಣ್ಣಗೆ “ಶಾಬಾಸ್” ಎಂದ.

ಮೇಡಂ ನಗು ತಡೆಯಲು ನೋಡಿದರು, ಆಗಲಿಲ್ಲ. ಸುಜಾತಾಗೆ ಫೋನು ಹಚ್ಚಿದರು, ಶಾಲೆಯವರ ಹತ್ತಿರ ಮಾತಾಡಿದರು. ಆಮೇಲೆ “ಹತ್ರಿ ಅಜ್ಜಿ, ಜೀಪಿನ್ಯಾಗ ಜಲ್ದಿ ಮುಟ್ಟಸ್ತೀವಿ” ಎಂದರು. “ನಾನೂ ಬರ್ತೀನ್ರಿ” ಎಂದೆ. “ಬಸ್ ಯಾರು ನೋಡ್ಬೇಕು?” ಎಂದರು. ನನ್ನ ಮಗಳು ಉಡಿ ಅಪ್ಪಿಕೊಂಡು ಪೊಲೀಸ್ ಜೀಪಿನಲ್ಲಿ ಹೋದಳು. ಸೂಜಿ ನೋಡುವುದು ತಪ್ಪಿತಲ್ಲ ಎಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಲ್ಲಿ ಇರಬೇಕಿತ್ತು ಎಂದು ಜೀಪು ಮರೆಯಾಗುವ ತನಕ ನೋಡುತ್ತ ನಿಂತೆ. ಕಣ್ಣು ಒದ್ದೆಯಾದದ್ದು ಬಿಸಿಲಿಗೆ ಇರಬೇಕು.

ಬಸ್ಸು ಹೊರಟಿದ್ದೇ ತಡ, ಹೆಣ್ಣುಮಕ್ಕಳು ಸುತ್ತುಗಟ್ಟಿದರು. ನನ್ನ ಮೊಮ್ಮಗಳಿಗೆ ಹನ್ನೊಂದು, ಹಾಕಿಸಬಹುದೇನ್ರೀ? ಮೊದಲನೆಯದು ಆಗಿದೆ, ಜ್ವರ ಬಂತಂತ ಎರಡನೆಯದು ಬಿಟ್ಟಿದ್ದೇವೆ, ಹೆಂಗ್ರೀ? ಬಿಡಬ್ಯಾಡ್ರಿ, ಹೋಗಿ ಸಿಸ್ಟರ್‌ಗೆ ಕೇಳ್ರಿ, ತಡ ಆದ್ರೂ ಹಾಕ್ತಾರ ಎಂದೆ. ಸುಜಾತಾ ದಿನಾ ಬಡಕೊಂಡದ್ದು ಇಷ್ಟೊಂದು ನನ್ನ ತಲೆಯಲ್ಲಿ ಉಳಿದಿತ್ತೆಂದು ನನಗೇ ಗೊತ್ತಿರಲಿಲ್ಲ. ವಿಮಾ ಏಜೆಂಟ ಬಂದು ಕ್ಷಮೆ ಕೇಳಿದ, ಹಾಗೆಯೇ ಒಂದು ಪಾಲಿಸಿಯ ಬಗ್ಗೆಯೂ ಹೇಳಿದ.

ಸ್ಟ್ಯಾಂಡಿಗೆ ಮುಟ್ಟುವುದರೊಳಗೆ ಸುಜಾತಾಳ ಫೋನು ಬಂತು. ಆಯಿತಂತೆ. ಊಟದ ಗಂಟೆಗೆ ಮುಂಚೆ, ಕಡೆಯ ಸೂಜಿ ನಮ್ಮ ರಾಜಿಯದೇ. ಅಂಬರೀನ್ ಅವಳ ಕೈ ಹಿಡಿದುಕೊಂಡಿದ್ದಳಂತೆ. ಸೂಜಿ ಹಾಕಿದ ಕುಲ್ಸುಮ್ ಸಿಸ್ಟರನ್ನು ಅವ್ವ ಬರಿಗೈಯಲ್ಲಿ ಬಿಟ್ಟಿಲ್ಲ. ಸೆರಗು ಹಿಡಿಸಿ ಅದರಲ್ಲಿ ಕೊಬ್ಬರಿ, ಬಾಳೆಹಣ್ಣು ಹಾಕಿ ಕಳಿಸಿದ್ದಾಳಂತೆ.

ಸ್ಟ್ಯಾಂಡಿನ ನಳದ ಹತ್ತಿರ ಹೋಗಿ ಮುಖ ತೊಳೆದುಕೊಂಡೆ. ಎರಡು ಸಲ.

ಫೆಬ್ರವರಿ 2, ಸೋಮವಾರ

ರಕ್ತ ಕೊಟ್ಟೆ. ಓಡುವ ಬಸ್ಸಿನ ಹೂಂ ಕೂಡ ಹೂಂ ಎಂದೇ ಲೆಕ್ಕವಂತೆ, ರಾಜಿಯ ಕಾನೂನು. ನಾನು ಬಿದ್ದೆ ಎಂದು ಅವಳು ಓಣಿ ತುಂಬ ಹೇಳುತ್ತಿದ್ದಾಳೆ. ಬಿದ್ದಿಲ್ಲ. ಕುರ್ಚಿ ಬಿಟ್ಟು ನೆಲದ ಮೇಲೆ ಕೂತೆ, ಅಷ್ಟೇ.

ಫೆಬ್ರವರಿ 4, ಬುಧವಾರ

ಈ ದಿನಚರಿಗೆ ಈಗೀಗ ಬರೆಯಲು ಸಿಟ್ಟು ಸಾಲುತ್ತಿಲ್ಲ. ಇವತ್ತಿನದೊಂದು ಬರೆದಿಡುತ್ತೇನೆ.

ಕಮಲಾಪುರದಲ್ಲಿ ಅವ್ವ ಬುತ್ತಿ ಕೊಡುತ್ತಿದ್ದಳು. ಪಕ್ಕದಲ್ಲಿ ಎಳೆಯ ಹೆಣ್ಣುಮಗಳೊಬ್ಬಳು ಮಗಳ ಕೈ ಹಿಡಿದು ನಿಂತಿದ್ದಳು. ಆಚೆ ಈಚೆ ನೋಡಿ, ಸೆರಗು ಬಾಯಿಗೆ ಹಿಡಿದು, “ಅಣ್ಣಾ, ಅದು ಆ ಸೂಜಿ... ಹೆಣ್ಮಕ್ಕಳದು...” ಎಂದಳು.

“ಗರ್ಭಕಂಠದ ಕ್ಯಾನ್ಸರ್ ಬರದಂಗ ಹಾಕ್ತಾರಲ್ಲ, ಅದೇನವ್ವ?” ಎಂದೆ. ನನ್ನ ದನಿ ಗೊತ್ತಲ್ಲ. ಚಹಾದಂಗಡಿಯವನು ಕಪ್ಪು ಹಿಡಿದು ನಿಂತ, ಸ್ಟ್ಯಾಂಡಿನ ತುಂಬ ಮಂದಿ ತಿರುಗಿ ನೋಡಿದರು.

“ಸಣ್ಣಗ ಹೇಳೋ ಮಗನ” ಎಂದಳು ಅವ್ವ. ಆಮೇಲೆ ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಬ್ಯಾಡ. ಜೋರಾಗೇ ಹೇಳು. ಚಂದಮ್ಮಗೂ ಕೇಳಸ್ಲಿ.”

ಇನ್ನೊಮ್ಮೆ ಹೇಳಿದೆ.